ಹಗ್ಗ ಮಾತ್ರ ಕೊಡೋದಿಲ್ಲ

ಸನವಳ್ಳಿ ಕಡೆ ಎತ್ತು ಮಾರಿದರೂ ಹಗ್ಗ ಕೊಡೋದಿಲ್ಲ; ಹಗ್ಗದ ಜೊತೆ ಕೊಟ್ಟಿಗೆಯ ಲಕ್ಷ್ಮಿನೂ ಹೋಗ್ತಾಳಂತೆ. ‘ಸ್ಟಾರ್ ಆಫ್ ಇಂಡಿಯಾ’ ಕಾರಿನ ಕಥೆ ಓದಿದಾಗ ನನಗೆ ನೆನಪಾದದ್ದು ಆ ಹಗ್ಗವೇ.

1934ರ ರೋಲ್ಸ್ ರಾಯ್ಸ್ ಫ್ಯಾಂಟಮ್ 2. ಮಡಚುವ ಟಾಪು, ಕೇಸರಿ ಬಣ್ಣ. ರಾಜಕೋಟ್‌ನ ದೊರೆ ಧರ್ಮೇಂದ್ರಸಿಂಹಜಿಗಾಗಿ ಬಾಡಿ ಕಟ್ಟಿದವರು ಲಂಡನ್ನಿನ ಥ್ರಪ್ ಅಂಡ್ ಮೇಬರ್ಲಿ. 1968ರಲ್ಲಿ ಮನೆತನ ಅದನ್ನು ಮಾರಿತು. ಕಾರು ಪರದೇಶಕ್ಕೆ ಹೋಗಿ, ಕೈ ಬದಲಾಗಿ, ಮತ್ತೆ ಮಿಂಚಿತು. 2010ರಲ್ಲಿ ಮೊನಾಕೊದ ಹರಾಜಿಗೆ ಬಂತು. ಅದೇ ಮನೆತನ ಮರಳಿ ಕೊಂಡಿತು!

ಪೇಂಟು, ಕ್ರೋಮು ದುಡ್ಡಿಗೆ ಸಿಗುತ್ತೆ. ಯಾರಿಂದ ಯಾರಿಗೆ ಹೋಯ್ತು ಅನ್ನೋ ನೆನಪು ಸಿಗಲ್ಲ. ನಾವು ಸಾಲ ತೀರುತ್ತಲೇ ಕಾರು ಬದಲಿಸುವವರು. ಊರಿನ ಹಳೇ ಜೀಪು ಗುಜರಿಗೆ ಹೋದಾಗ ಅದರ ನಂಬರೂ ಬರೆದಿಡೋದಿಲ್ಲ. ಮಾರಬಾರದು ಅಂತಲ್ಲ. ಆದರೆ ಹಗ್ಗವೇ ಇಲ್ಲದಿದ್ದರೆ ಮೊಮ್ಮಕ್ಕಳು ಏನನ್ನು ಹಿಡಿದು ಹುಡುಕಬೇಕು?