ಒಯ್ಯುವವರು

ಅಥಣಿ, ರಾಯಬಾಗ, ಚಿಕ್ಕೋಡಿ, ಜಮಖಂಡಿ ಕಡೆಯ ಹಳ್ಳಿಗಳಲ್ಲಿ “ಮಿರಜಿಗೆ ಒಯ್ದರು” ಎಂಬ ಮಾತಿಗೆ ವಿವರಣೆ ಬೇಕಾಗುವದಿಲ್ಲ. ಊರ ವೈದ್ಯನ ಕೈ ಮೀರಿತು, ತಾಲೂಕಿನ ದವಾಖಾನೆಯಿಂದಲೂ ಆಗಲಿಲ್ಲ, ಇನ್ನು ದೈವದ ಇಚ್ಛೆ ಮತ್ತು ಮಿರಜಿನ ಡಾಕ್ಟರರ ಕೈಗುಣ ಎಂಬಷ್ಟೆಲ್ಲ ಅರ್ಥವು ಆ ಎರಡು ಶಬ್ದಗಳಲ್ಲಿ ಅಡಗಿದೆ. ನಾನು ಚಿಕ್ಕವನಿದ್ದಾಗ ನಮ್ಮ ಅಜ್ಜಿಗೆ ಯಾರ ಮೇಲಾದರೂ ಸಿಟ್ಟು ಬಂದರೆ “ನಿನ್ನ ಮಿರಜಿಗೆ ಒಯ್ಯಲಿ” ಎಂದು ಶಪಿಸುತ್ತಿದ್ದಳು. ಮೊಮ್ಮಕ್ಕಳಿಗೆ ಜ್ವರ ಏರಿದರೆ “ಮಿರಜಿಗಾದರೂ ಒಯ್ಯಿರೋ” ಎಂದು ತಾನೇ ಅಳುತ್ತಿದ್ದಳು. ಒಂದೇ ಊರು ಶಾಪವೂ ಆಗಿತ್ತು, ವರವೂ ಆಗಿತ್ತು. ಮುಂದೆ ರೇಲ್ವೆಯ ನೌಕರಿ ನನ್ನನ್ನು ಅದೇ ಊರಿಗೆ ತಂದು ಇಳಿಸಿತು. ನಿವೃತ್ತಿಯ ನಂತರ ನಾನು ಇಲ್ಲಿಯವನೇ ಆಗಿ ಉಳಿದೆ.

ಆ ವಾಕ್ಯದಲ್ಲಿ ಎಲ್ಲರ ಲಕ್ಷ್ಯವೂ ‘ಮಿರಜು’ ಎಂಬ ನಾಮಪದದ ಕಡೆಗೆ. ನನಗೆ ಈಚೆಗೆ ‘ಒಯ್ಯುವದು’ ಎಂಬ ಕ್ರಿಯಾಪದದ ಚಿಂತೆ ಹತ್ತಿದೆ.

ನಾಮಪದದ ಹಿರಿಮೆಯನ್ನು ಅಲ್ಲಗಳೆಯುವ ಹಾಗಿಲ್ಲ. ಕೆನಡಾದಲ್ಲಿ ಹುಟ್ಟಿದ ಡಾಕ್ಟರ್ ವಿಲಿಯಂ ವಾನ್‌ಲೆಸ್ಸರು ೧೮೮೯ರಲ್ಲಿ ಮಿಶನರಿಯಾಗಿ ಈ ದೇಶಕ್ಕೆ ಬಂದು, ಮೊದಲು ಸಾಂಗಲಿಯಲ್ಲಿ ಸಣ್ಣ ಔಷಧಾಲಯ ನಡೆಯಿಸಿ, ಬಳಿಕ ಮಿರಜಿನಲ್ಲಿ ನೆಲೆ ನಿಂತರು. ೧೮೯೪ರಲ್ಲಿ ಅವರ ಆಸ್ಪತ್ರೆಯ ಬಾಗಿಲು ತೆರೆಯಿತು. ಊರು ಮೊದಲೇ ರೇಲ್ವೆ ಜಂಕ್ಷನ್. ಬೆಳಗಾವಿಯ ಕಡೆಯಿಂದ, ಪುಣೆಯ ಕಡೆಯಿಂದ, ಕೊಲ್ಲಾಪುರದ ಕಡೆಯಿಂದ ರೋಗಿಗಳು ಗಾಡಿ ಇಳಿದು ಬಂದರು. ಕ್ಷಯರೋಗಿಗಳಿಗಾಗಿ ಅವರು ಕಟ್ಟಿದ ಆರೋಗ್ಯಧಾಮದ ನೆಲಕ್ಕೆ ವಾನ್‌ಲೆಸ್‌ವಾಡಿ ಎಂಬ ಹೆಸರೇ ನಿಂತಿತು. ೧೯೬೨ರಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಬಂದಿತು. ಈಗ ಸಾಂಗಲಿಗೂ ಮಿರಜಿಗೂ ನಡುವಿನ ಹತ್ತು ಕಿಲೋಮೀಟರಿನ ದಾರಿಯಲ್ಲಿ ನಡೆಯುತ್ತ ಹೋದರೆ ಹೃದಯಕ್ಕೊಂದು, ಮೂಳೆಗೊಂದು, ಮೂತ್ರಪಿಂಡಕ್ಕೊಂದು ಎಂದು ಫಲಕಗಳು ತೂಗುತ್ತವೆ. ಮನುಷ್ಯನ ದೇಹವನ್ನೇ ಬಿಡಿಬಿಡಿಯಾಗಿ ಬೀದಿಗೆ ಹರವಿದಂತೆ ಕಾಣುವದು. ಮರಾಠಿ ಪತ್ರಿಕೆಗಳವರು ಮಿರಜನ್ನು ‘ಆರೋಗ್ಯ ಪಂಢರಿ’ ಎನ್ನುತ್ತಾರೆ. ನಿಜವಾದ ಪಂಢರಪುರಕ್ಕೆ ವಾರಕರಿಗಳು ತಮ್ಮ ಕಾಲಿನ ಮೇಲೆಯೇ ನಡೆದು ಹೋಗುತ್ತಾರೆ. ಈ ಪಂಢರಿಯ ಯಾತ್ರಿಕರನ್ನು ಮಾತ್ರ ಯಾರಾದರೂ ಹೊತ್ತು ತರಬೇಕು.

ಇಲ್ಲಿ ಬಾಳಿ, ಇಲ್ಲಿಯ ದರ್ಗೆಯ ಆವರಣದಲ್ಲಿ ಮಣ್ಣಾದ ಉಸ್ತಾದ ಅಬ್ದುಲ್ ಕರೀಂ ಖಾನರ ಕೊನೆಯ ಪ್ರಯಾಣವನ್ನು ನಾನು ಆಗಾಗ ನೆನೆಯುತ್ತೇನೆ. ೧೯೩೭ರ ಅಕ್ಟೋಬರಿನಲ್ಲಿ ಪಾಂಡಿಚೇರಿಗೆಂದು ರೈಲಿನಲ್ಲಿ ಹೊರಟಿದ್ದಾಗ ಅವರಿಗೆ ಎದೆನೋವು ಕಾಣಿಸಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು; ಪ್ಲಾಟ್‌ಫಾರ್ಮಿನ ಮೇಲೆಯೇ ಪ್ರಾಣ ಹೋಯಿತು. ಸಂಗೀತ ಬಲ್ಲವರು ಆ ರಾತ್ರಿಯ ಕುರಿತು ಭಕ್ತಿಯಿಂದ ಮಾತಾಡುತ್ತಾರೆ. ನನಗೆ ಸಂಗೀತದ ಜ್ಞಾನ ಅಷ್ಟಕ್ಕಷ್ಟೆ. ನನ್ನ ಮನಸ್ಸು ಆ ನಿಲ್ದಾಣದ ಮಾಸ್ತರನ ಕಡೆಗೆ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಆತ ಯಾರನ್ನು ಕರೆಯಬೇಕಿತ್ತು? ಆಸ್ಪತ್ರೆಗಳ ಊರಿನಲ್ಲಿ ಮನೆಯಿದ್ದವರಿಗೂ ದಾರಿಯಲ್ಲಿ ಬಂದ ಮರಣಕ್ಕೆ ಆ ಊರು ಉಪಯೋಗವಾಗಲಿಲ್ಲ.

ಕರೆಯುವದಕ್ಕೆ ಈಗ ಒಂದು ಅಂಕೆ ಇದೆ. ೨೦೦೫ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ೧೦೮ರ ವ್ಯವಸ್ಥೆ ೨೦೦೮ರ ನವೆಂಬರಿನಲ್ಲಿ ಕರ್ನಾಟಕಕ್ಕೆ ಬಂದಿತು. ಮಹಾರಾಷ್ಟ್ರದಲ್ಲಿ ೨೦೧೪ರಲ್ಲಿ ೯೩೭ ಗಾಡಿಗಳೊಡನೆ ಪ್ರಾರಂಭವಾಯಿತು. ಅವುಗಳಲ್ಲಿ ೨೩೩ ಗಾಡಿಗಳು ಹೆಚ್ಚಿನ ಸಲಕರಣೆಯುಳ್ಳವು, ಉಳಿದ ೭೦೪ ಸಾಧಾರಣದವು. ಸಂಖ್ಯೆ ಕೇಳಲಿಕ್ಕೆ ದೊಡ್ಡದು. ೨೦೧೧ರ ಜನಗಣತಿಯಂತೆ ರಾಜ್ಯದ ಜನ ಹನ್ನೊಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಮೇಲೆ; ಭಾಗಿಸಿ ನೋಡಿದರೆ ಒಂದು ಗಾಡಿಗೆ ಹೆಚ್ಚುಕಡಿಮೆ ಒಂದು ಲಕ್ಷ ಇಪ್ಪತ್ತು ಸಾವಿರ ಜೀವಗಳು. ಆದರೂ ಇಂಥದೊಂದು ಏನೂ ಇಲ್ಲದ ಕಾಲವನ್ನು ಕಂಡ ನನ್ನಂಥವರು ಇದನ್ನು ಹಗುರವಾಗಿ ಆಡಬಾರದು. ಎತ್ತಿನ ಬಂಡಿಯಲ್ಲಿ ಹೊರಸು ಹಾಕಿ, ಕುಡಚಿಯ ನಿಲ್ದಾಣಕ್ಕೆ ತಂದು, ಗಾಡಿ ಎರಡು ತಾಸು ತಡವೆಂದು ತಿಳಿದು ಅಲ್ಲಿಯೇ ಕುಸಿದ ಜನರನ್ನು ನಾನು ನೋಡಿದ್ದೇನೆ.

ನಾನು ರೇಲ್ವೆಯಲ್ಲಿ ಪಾಳಿಯ ಪಟ್ಟಿ ಬರೆಯುವ ಗುಮಾಸ್ತನಾಗಿದ್ದೆ. ಆ ಕಸುಬಿನವನಿಗೆ ಗಾಡಿ ಎಂದರೆ ಕಬ್ಬಿಣವಲ್ಲ, ಕೂಡುವ ಜಾಗಗಳು. ಒಂದು ವಾರಕ್ಕೆ ೧೬೮ ತಾಸು. ಒಬ್ಬ ಮನುಷ್ಯನಿಂದ ವಾರಕ್ಕೆ ೪೮ ತಾಸು ದುಡಿಸಿದರೆ ಒಂದು ಜಾಗಕ್ಕೆ ಮೂರೂವರೆ ಜನ ಬೇಕು. ಚಾಲಕನ ಜಾಗವೊಂದು, ರೋಗಿಯ ಮಗ್ಗುಲಲ್ಲಿ ಕೂಡುವವನ ಜಾಗವೊಂದು. ಅಲ್ಲಿಗೆ ಏಳು ಜನ. ಅವರಿಗೂ ಜ್ವರ ಬರುತ್ತದೆ, ಅವರ ತಂಗಿಯ ಮದುವೆಯೂ ಆಗುತ್ತದೆ, ಎಂಟು ಎನ್ನಿ. ಗಾಡಿಯನ್ನು ಒಮ್ಮೆ ಕೊಂಡರೆ ತೀರಿತು, ಈ ಎಂಟು ಜನರನ್ನು ಪ್ರತಿ ತಿಂಗಳೂ ಹೊಸದಾಗಿ ಕೊಳ್ಳಬೇಕು. ಹೀಗಿದ್ದೂ ಉದ್ಘಾಟನೆಯ ದಿನ ತೆಂಗಿನಕಾಯಿ ಒಡೆಯುವದು ಗಾಡಿಯ ಮುಂದೆ. ಎಂಟು ಜನರ ಕೊರಳಿಗೆ ಮಾಲೆ ಹಾಕಿದ್ದನ್ನು ನಾನು ಕಂಡಿಲ್ಲ. ಅವರು ಬಹುತೇಕ ಗುತ್ತಿಗೆಯ ನೌಕರರು. ಪಗಾರ ಬಾಕಿಗಾಗಿ ಕರ್ನಾಟಕದಲ್ಲಿ ೧೦೮ರ ಸಿಬ್ಬಂದಿ ಬೀದಿಗಿಳಿದದ್ದು ಒಂದು ಸಲವಲ್ಲ. ಪತ್ರಿಕೆಯಲ್ಲಿ ಅದನ್ನು ಓದಿದಾಗ ನಾವು “ರೋಗಿಗಳ ಗತಿಯೇನು?” ಎನ್ನುತ್ತೇವೆ. ಮೂರು ತಿಂಗಳು ಪಗಾರವಿಲ್ಲದೆ ಗಾಡಿ ಓಡಿಸಿದವನ ಮನೆಯಲ್ಲಿಯೂ ರೋಗಿಗಳಿರಬಹುದೆಂಬುದು ಹೊಳೆಯುವದಿಲ್ಲ.

ಇಷ್ಟೆಲ್ಲ ಲೆಕ್ಕ ಬಲ್ಲವನು ನಾನು. ಆದರೂ ಮುಂದೆ ಬರೆಯುವ ತಪ್ಪು ನನ್ನಿಂದಲೇ ಆಯಿತು.

ಕೆಲವು ವರ್ಷಗಳ ಹಿಂದೆ ನಾವು ಹತ್ತು ಹನ್ನೆರಡು ಜನ ಕನ್ನಡಿಗರು ಕೂಡಿ ಒಂದು ಸಣ್ಣ ಮಂಡಳಿ ಕಟ್ಟಿದೆವು. ಗಡಿಯ ಆಚೆಯ ಹಳ್ಳಿಗಳಿಂದ, ಜತ್ತ ತಾಲೂಕಿನ ಕನ್ನಡದ ಊರುಗಳಿಂದ ಬರುವ ನಮ್ಮ ಜನರಿಗೆ ಇಲ್ಲಿ ಮೊದಲ ಕಷ್ಟ ಭಾಷೆಯದು, ಎರಡನೆಯದು ವಾಹನದ್ದು. ಉಮದಿಯವರು ಜಿಲ್ಲೆಯ ಲೆಕ್ಕದಲ್ಲಿ ಸಾಂಗಲಿಯವರು. ದಾರಿಯ ಲೆಕ್ಕದಲ್ಲಿ ಅವರಿಗೆ ವಿಜಾಪುರವೇ ಹತ್ತಿರ. ಬೇನೆ ಬಂದವನ ಎದುರಿಗೆ ಭೂಪಟ ಹಿಡಿದು ಯಾವ ರಾಜ್ಯವೆಂದು ಕೇಳುವಂತಿಲ್ಲ. ಆದುದರಿಂದ ಒಂದು ಗಾಡಿ ಕೊಳ್ಳುವದೆಂದು ನಿಶ್ಚಯಿಸಿದೆವು. ಹಣ ಎಷ್ಟು ಬೇಗ ಕೂಡಿತೆಂದರೆ ನಮಗೇ ಆಶ್ಚರ್ಯ. ಒಬ್ಬ ವ್ಯಾಪಾರಿ ತನ್ನ ತಾಯಿಯ ಹೆಸರನ್ನು ಗಾಡಿಯ ಎರಡೂ ಮಗ್ಗುಲಿಗೆ ಬರೆಯಿಸುವ ಕರಾರಿನ ಮೇಲೆ ಅರ್ಧ ಹಣ ಕೊಟ್ಟನು. ಹಿಂದಿನ ಬಾಗಿಲು ಇನ್ನೊಬ್ಬ ದಾನಿಗೆ ಹೋಯಿತು. ಬರೆಯಲಿಕ್ಕೆ ಜಾಗ ಉಳಿಯದ ಕಾರಣ ಮೂರನೆಯವನು ಕೈ ಹಿಂದೆಗೆದನು.

ಗಾಡಿ ಬಂದ ಮೇಲೆ ಡೀಸೆಲ್, ಟೈರು, ವಿಮೆ, ಪಗಾರ. ಆಮ್ಲಜನಕದ ನಳಿಕೆ ತುಂಬಿಸುವದಕ್ಕೂ ಹಣ. ಇವುಗಳ ಮೇಲೆ ಯಾರ ತಾಯಿಯ ಹೆಸರನ್ನೂ ಬರೆಯಲಾಗುವದಿಲ್ಲ. ಖಜಾಂಚಿಯಾದ ನಾನು ಮನೆಮನೆಗೆ ಹೋದೆ. “ಚಾಲಕನ ಪಗಾರಕ್ಕೆಂದು ದಾನ ಕೊಡುವದೆ?” ಎಂದು ಒಬ್ಬರು ಕೇಳಿದರು, ನನ್ನ ಹತ್ತಿರ ಉತ್ತರವಿರಲಿಲ್ಲ. ಒಂದು ವರ್ಷ ಕಳೆಯುವದರಲ್ಲಿ ಶಿಲ್ಕು ಬರಿದಾಯಿತು. ಸಭೆ ಕೂಡಿತು. ರಾತ್ರಿಯ ಚಾಲಕನನ್ನು ಬಿಡಿಸುವ ಸೂಚನೆಯನ್ನು ನಾನೇ ಇಟ್ಟೆ. “ರಾತ್ರಿಯ ಕರೆಗಳು ತಿಂಗಳಿಗೆ ಮೂರೋ ನಾಲ್ಕೋ. ಅಷ್ಟಕ್ಕಾಗಿ ಇಡೀ ಒಂದು ಪಗಾರವೆ? ಬಂದಾಗ ಹಗಲಿನವನನ್ನೇ ಎಬ್ಬಿಸಿದರಾಯಿತು” ಎಂದೆ. ಎಲ್ಲರೂ ತಲೆದೂಗಿದರು. ನಮ್ಮ ಕಾರ್ಯದರ್ಶಿಗಳು ನಿವೃತ್ತ ಕನ್ನಡ ಶಿಕ್ಷಕರು. ತಮ್ಮ ದುಂಡಾದ ಅಕ್ಷರಗಳಲ್ಲಿ ಠರಾವನ್ನು ಬರೆದರು. ನಾನು ಕೆಳಗೆ ಸಹಿ ಹಾಕಿದೆ.

ಆರು ತಿಂಗಳ ನಂತರ ಮಳೆಗಾಲದ ಒಂದು ರಾತ್ರಿ ಒಂದೂವರೆಗೆ ನನ್ನ ಫೋನು ಬಾರಿಸಿತು. ಕರೆದವರು ಆ ಕಾರ್ಯದರ್ಶಿಗಳ ಹೆಂಡತಿ. ಅವರು ಕಾಗವಾಡದ ಆಚೆಯ ತಮ್ಮ ಹಳ್ಳಿಗೆ ಹೋಗಿದ್ದರು. ಒಂದು ಗಂಟೆಗೆ ನೀರು ಕುಡಿಯಲೆಂದು ಎದ್ದವರು ಮಾತಾಡುತ್ತಿದ್ದ ಹಾಗೆಯೇ ಬಲಗಡೆಗೆ ವಾಲಿ ಬಿದ್ದರಂತೆ; ಮಾತು ತೊದಲುತ್ತಿದೆ, ಬಲಗೈ ಏಳುವದಿಲ್ಲ. ಬೇರೆ ಯಾರನ್ನೂ ಕರೆಯದೆ ನಮ್ಮನ್ನೇ ಕರೆದದ್ದು ಏಕೆಂದರೆ ಗಾಡಿ ನಮ್ಮದು, ಅವರು ನಮ್ಮವರು.

ನಮ್ಮ ಚಾಲಕ ಆ ದಿನ ಎರಡು ಸಲ ಕೊಲ್ಲಾಪುರಕ್ಕೆ ಹೋಗಿ ಬಂದು ಹತ್ತೂವರೆಗೆ ಮಲಗಿದ್ದನು; ಫೋನನ್ನು ಆರಿಸಿದ್ದನು. ನಾನು ಮಳೆಯಲ್ಲಿ ನೆನೆಯುತ್ತ ಲಕ್ಷ್ಮೀ ಮಾರ್ಕೆಟಿನ ಆಚೆಗಿರುವ ಅವನ ಓಣಿಗೆ ನಡೆದೆ. ಬಾಗಿಲು ಬಡಿದು ಬಡಿದು ಎಬ್ಬಿಸಿದಾಗ ಅವನು ಮರುಮಾತಾಡದೆ ಮುಖ ತೊಳೆದು ಅಂಗಿ ಹಾಕಿಕೊಂಡನು. ದಾರಿಯಲ್ಲಿ ಅವನ ಕಣ್ಣು ಎಳೆಯುತ್ತಿತ್ತು. ನಿದ್ದೆ ಹತ್ತಬಾರದೆಂದು ನಾನು ಬಾಯಿಗೆ ಬಂದದ್ದನ್ನು ಮಾತಾಡುತ್ತಲೇ ಇದ್ದೆ. ನಾವು ಹಳ್ಳಿ ಮುಟ್ಟಿದಾಗ ನಾಲ್ಕು ಗಂಟೆ. ಮರಳಿ ಬರುವಾಗ ರೋಗಿಯ ಮಗ್ಗುಲಲ್ಲಿ ಕೂತವನು ನಾನು. ತಲೆಯನ್ನು ಎತ್ತರಿಸಬೇಕೋ, ಮಗ್ಗುಲಾಗಿಸಬೇಕೋ ನನಗೆ ತಿಳಿಯದು. ಆಮ್ಲಜನಕದ ಕೀಲಿಯನ್ನು ಯಾವ ಕಡೆಗೆ ತಿರುವಬೇಕೆಂಬುದು ತಿಳಿಯದು. ಅವರ ಎಡಗೈಯನ್ನು ಹಿಡಿದುಕೊಂಡು ಕೂತೆ. ಅದೊಂದೇ ನನಗೆ ಬರುತ್ತಿದ್ದ ಚಿಕಿತ್ಸೆ.

ಮೆದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಗಡ್ಡೆ ಕಟ್ಟಿದರೆ ಅದನ್ನು ಕರಗಿಸುವ ಸೂಜಿಮದ್ದು ಇದೆ. ಆದರೆ ಅದನ್ನು ಬೇನೆ ಪ್ರಾರಂಭವಾದ ನಾಲ್ಕೂವರೆ ತಾಸಿನ ಒಳಗಾಗಿ ಕೊಡಬೇಕು, ಅದಕ್ಕೂ ಮೊದಲು ತಲೆಯ ಚಿತ್ರ ತೆಗೆದು ಒಳಗೆ ರಕ್ತಸ್ರಾವವಿಲ್ಲವೆಂದು ನಿಶ್ಚಯಿಸಬೇಕು. ಇದನ್ನೆಲ್ಲ ಎಳೆಯ ವಯಸ್ಸಿನ ಒಬ್ಬ ಡಾಕ್ಟರರು ನನಗೆ ಸಮಾಧಾನದಿಂದ ತಿಳಿಸಿ ಹೇಳಿದರು. ಚಿತ್ರ ತೆಗೆದು ಮುಗಿಸುವಷ್ಟರಲ್ಲಿ ಐದೂಮುಕ್ಕಾಲು ಆಗಿತ್ತು. ಮದ್ದು ಅಲ್ಲಿಯೇ, ಹತ್ತು ಹೆಜ್ಜೆಯ ಕಪಾಟಿನಲ್ಲಿ ಇತ್ತು.

ನಾನು ನೌಕರಿಯಲ್ಲಿದ್ದಾಗ ರಾತ್ರಿಯ ಸಿಗ್ನಲ್ ಕೇಬಿನ್ನಿನಲ್ಲಿ ಕೂಡುವವನ ಪಾಳಿಯನ್ನು ಬರೆಯುತ್ತಿದ್ದೆ. ಇಡೀ ರಾತ್ರಿ ಎರಡೇ ಗಾಡಿಗಳು ಬಂದರೂ ಅವನಿಗೆ ಪೂರ್ಣ ಪಗಾರ. ಎರಡು ಗಾಡಿಗೆ ಇಷ್ಟು ಹಣವೇ ಎಂದು ಯಾವ ಅಧಿಕಾರಿಯೂ ಕೇಳಿದ್ದಿಲ್ಲ. ಕೇಳಿದ್ದರೆ ನಾನೇ ನಗುತ್ತಿದ್ದೆ. ಅವನ ಪಗಾರ ಬಂದ ಗಾಡಿಗಳಿಗಲ್ಲ, ಎಚ್ಚರವಾಗಿ ಕಾದುಕೊಂಡು ಕೂತದ್ದಕ್ಕೆ. ಇದನ್ನು ಮೂವತ್ತು ವರ್ಷ ಕೈಯಾರೆ ಬರೆದ ನಾನು, ಜಮಾಖರ್ಚಿನ ವಹಿಯನ್ನು ಹಿಡಿದ ಕೂಡಲೆ ಮರೆತೆ. ಕಾಯುವದು ವಹಿಯಲ್ಲಿ ಕಾಣುವದಿಲ್ಲ; ಖರ್ಚು ಮಾತ್ರ ಕಾಣುತ್ತದೆ.

ನಾನೊಬ್ಬನೇ ಹೀಗೆಂದು ತೋರುವದಿಲ್ಲ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಸಾಂಗಲಿಯ ಆಯರ್ವಿನ್ ಸೇತುವೆಯ ಅಳತೆಯ ಗೆರೆ ಐವತ್ತೇಳು ಅಡಿ ದಾಟಿದಾಗ ರಸ್ತೆಯ ಗಾಡಿಗಳೆಲ್ಲ ನಿರುಪಯೋಗಿಯಾದವು, ದೋಣಿಯೇ ಗತಿಯಾಯಿತು. ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ೮ನೆಯ ತಾರೀಖಿಗೆ, ನೀರು ಸುತ್ತುವರಿದ ಊರಿನಿಂದ ಜನರನ್ನು ಸಾಗಿಸುತ್ತಿದ್ದ ದೋಣಿ ಭಾರ ತಾಳದೆ ಮಗುಚಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಅದರ ಹಿಂದಿನ ಮಹಾಪೂರ ೨೦೦೫ರದು. ನಡುವಿನ ಹದಿನಾಲ್ಕು ವರ್ಷ ಗಟ್ಟಿ ದೋಣಿ, ತೇಲುವ ಅಂಗಿ, ಕಲಿತ ಅಂಬಿಗರನ್ನು ಸಿದ್ಧವಾಗಿಡಬೇಕೆಂದು ಯಾವ ಹಳ್ಳಿಯ ಖಜಾಂಚಿಯ ಎದುರು ಹೇಳಿದ್ದರೂ ಅವನು ನಾನು ಕೇಳಿದ ಪ್ರಶ್ನೆಯನ್ನೇ ಕೇಳುತ್ತಿದ್ದನೇನೊ.

ಕಾರ್ಯದರ್ಶಿಗಳು ಬದುಕಿಕೊಂಡರು. ಮಾತು ಮುಕ್ಕಾಲುಪಾಲು ಮರಳಿದೆ, ಬಲಗೈ ಮರಳಲಿಲ್ಲ. ನಾನು ಒಂದು ಸಂಜೆ ಅವರ ಬಳಿ ಕೂತು ಠರಾವಿನ ಮಾತನ್ನು ಎತ್ತಿದೆ. ಅವರು ಬಹಳ ಹೊತ್ತು ಶಬ್ದಗಳನ್ನು ಹುಡುಕಿ, “ಬರೆದವನು ನಾನಲ್ಲವೆ?” ಎಂದರು. ನಾನು ಎದ್ದು ಬಂದೆ.

ಕಳೆದ ದೀಪಾವಳಿಗೆ ಮೊದಲಿನ ವ್ಯಾಪಾರಿ ತಾನಾಗಿಯೇ ಬಂದು ಎರಡನೆಯ ಗಾಡಿಯನ್ನು ಕೊಡುವೆನೆಂದನು. ಈ ಸಲ ತಂದೆಯ ಹೆಸರು. ಗಾಡಿ ಬೇಡ, ಅದರ ಹಣದಲ್ಲಿ ಇಬ್ಬರು ರಾತ್ರಿ ಚಾಲಕರಿಗೂ, ಶುಶ್ರೂಷೆ ಕಲಿತ ಇಬ್ಬರಿಗೂ ಆದಷ್ಟು ವರ್ಷ ಪಗಾರ ನಡೆಯಲಿ ಎಂದು ನಾನು ಕೈಮುಗಿದೆ. “ವಿಚಾರ ಮಾಡಿ ಹೇಳುತ್ತೇನೆ” ಎಂದು ಹೋದವನು ಇನ್ನೂ ಹೇಳಿಲ್ಲ. ಅಲ್ಲಿಯ ವರೆಗೆ ಸದಸ್ಯರೇ ತಿಂಗಳ ವರ್ಗಣಿ ಹಾಕಿ ಒಬ್ಬ ರಾತ್ರಿ ಚಾಲಕನನ್ನು ಮರಳಿ ಕರೆದಿದ್ದೇವೆ. ಮೆಡಿಕಲ್ ಕಾಲೇಜಿನ ಹತ್ತಿರದ ಒಂದು ಕೋಣೆಯಲ್ಲಿ ಅವನು ಬೂಟು ಬಿಚ್ಚದೆ ಕೂತಿರುತ್ತಾನೆ. ಬಹಳ ರಾತ್ರಿಗಳಲ್ಲಿ ಚಹಾ ಕುಡಿದು ಹಳೆಯ ಪತ್ರಿಕೆ ಓದುವದಷ್ಟೇ ಅವನ ಕೆಲಸ. ಪಾಳಿಯ ಪಟ್ಟಿಯನ್ನು ನಾನೇ ಗೆರೆ ಹೊಡೆದು ಬರೆದು ಗೋಡೆಗೆ ಅಂಟಿಸಿದ್ದೇನೆ. ಅದರ ತಲೆಬರಹವನ್ನು ಕಾರ್ಯದರ್ಶಿಗಳು ಎಡಗೈಯಿಂದ ಬರೆದುಕೊಟ್ಟರು. ಅಕ್ಷರಗಳು ಒಂದರ ಮೇಲೊಂದು ವಾಲಿವೆ, ಆದರೂ ಓದಬಹುದು. ವಾರದ ಆರು ರಾತ್ರಿಗಳ ಮನೆಗಳು ತುಂಬಿವೆ. ರವಿವಾರ ರಾತ್ರಿಯ ಮನೆ ಇನ್ನೂ ಖಾಲಿ ಇದೆ.