ಹದಿನಾರಿನ ದಾರಿಯಲ್ಲಿ ಎರಡು ದಿನ

ಕಳೆದ ಮಾರ್ಗಶಿರದಲ್ಲಿ ನಮ್ಮ ಕಿರಿಯ ಅಳಿಯಂದಿರು ಫ್ರಾನ್ಸ್ ದೇಶದ ಲಿಯೋಂ ಪಟ್ಟಣದಿಂದ ನೀಳವಾದ ಒಂದು ಪತ್ರವನ್ನು ಬರೆದಿದ್ದರು. ಉದ್ಯೋಗನಿಮಿತ್ತ ಅಲ್ಲಿಗೆ ಹೋಗಿರುವ ಅವರು, ರಜೆಯ ದಿನಗಳಲ್ಲಿ ತಾವು ಕಂಡದ್ದನ್ನೆಲ್ಲ ವಿವರವಾಗಿ ತಿಳಿಸಿದ್ದರು. ರೋನ್ ಮತ್ತು ಸೋನ್ ಎಂಬ ಎರಡು ನದಿಗಳು ಆ ಪಟ್ಟಣದಲ್ಲಿ ಕೂಡುತ್ತವೆಯಂತೆ. ಜನರು ಸಂಗಮದ ತುದಿಯವರೆಗೆ ನಡೆದುಹೋಗಿ ನಿಂತು ನೋಡುತ್ತಾರಂತೆ. ಊರಿನ ಮೇಲ್ಗಡೆ ಫುರ್ವಿಯೇರ್ ಎಂಬ ಗುಡ್ಡ, ಅದರ ಮೇಲೆ ದೊಡ್ಡ ಇಗರ್ಜಿ, ಪಕ್ಕದಲ್ಲಿ ರೋಮನರ ಕಾಲದ ನಾಟಕಶಾಲೆ. ಹಳೆಯ ಬೀದಿಗಳಲ್ಲಿ ಒಂದು ಮನೆಯ ಬಾಗಿಲಿನಿಂದ ಹೊಕ್ಕು ಮತ್ತೊಂದು ಬೀದಿಯಲ್ಲಿ ಹೊರಬೀಳುವ ಮುಚ್ಚಿದ ಓಣಿಗಳುಂಟು. ರೇಷ್ಮೆಯ ನೇಯ್ಗೆಯವರು ಬಟ್ಟೆ ನೆನೆಯದಂತೆ ಅವುಗಳ ಮೂಲಕ ಸಾಗಿಸುತ್ತಿದ್ದರಂತೆ. ಪತ್ರವನ್ನು ನನ್ನ ಚಿಕ್ಕ ಮಗಳು ಗಟ್ಟಿಯಾಗಿ ಓದುತ್ತಿದ್ದಳು. ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ನಮ್ಮ ಸೋದರತ್ತೆಯವರು ಎಲ್ಲವನ್ನೂ ಕೇಳಿ, "ಎರಡು ಹೊಳೆ ಕೂಡೋದು, ರೇಷ್ಮೆ, ಹಳೇ ಗುಡಿ. ಇದನ್ನು ನೋಡೋಕೆ ಅಷ್ಟು ದೂರ ಹೋಗಬೇಕಾಗಿತ್ತೇನೋ ಮಗು? ನಮ್ಮ ಹದಿನಾರಿನ ದಾರೀಲಿ ಇದೆಲ್ಲ ಇಲ್ವೇ?" ಎಂದರು.

ಮನೆಯವರೆಲ್ಲರೂ ನಕ್ಕೆವು. ಆದರೆ ಆ ರಾತ್ರಿ ನನಗೆ ನಗೆ ಬರಲಿಲ್ಲ. ಹದಿನಾರು ಅತ್ತೆಯ ಹುಟ್ಟೂರು. ನನ್ನ ತಂದೆಯವರ ಊರೂ ಅದೇ. ತಂದೆಯವರು ಎಳೆಯ ವಯಸ್ಸಿನಲ್ಲಿಯೇ ಮೈಸೂರು ಸೇರಿದ್ದರಿಂದ ನನಗೆ ಆ ಊರು ಹೆಸರಿಗೆ ಮಾತ್ರ ಗೊತ್ತು. ನನ್ನ ಮಕ್ಕಳಿಗಂತೂ ಅದು ಲೆಕ್ಕದ ಒಂದು ಸಂಖ್ಯೆ! ಅತ್ತೆಗೆ ಎಂಬತ್ತು ಸಮೀಪಿಸಿದೆ. ಎರಡು ಕಣ್ಣುಗಳಲ್ಲಿಯೂ ಪೊರೆ ಬೆಳೆದಿದೆ. ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ವೈದ್ಯರು ಹೇಳಿ ಮೂರು ತಿಂಗಳಾಗಿತ್ತು. "ಕಣ್ಣಿಗೆ ಕತ್ತಿ ಹಾಕಿಸಿಕೊಳ್ಳೋದಿಲ್ಲ, ನಂಜುಂಡ ಇದ್ದಾನೆ" ಎಂದು ಅವರು ಪಟ್ಟು ಹಿಡಿದಿದ್ದರು. ಊರನ್ನು ಅವರಿಗೆ ತೋರಿಸುವುದಿದ್ದರೆ ಈಗಲೇ ತೋರಿಸಬೇಕು ಎನ್ನಿಸಿತು. ಪುಷ್ಯಮಾಸದ ಒಂದು ಮಂಗಳವಾರ ಬೆಳಿಗ್ಗೆ, ಮೊಸರನ್ನ ಪುಳಿಯೋಗರೆಗಳ ಬುತ್ತಿ ಕಟ್ಟಿಕೊಂಡು, ಬಾಡಿಗೆಯ ಕಾರೊಂದರಲ್ಲಿ ಹೊರಟೆವು. ಸೋಮವಾರವನ್ನು ಬೇಕೆಂದೇ ಬಿಟ್ಟೆವು. ಆ ದಿನ ನಂಜನಗೂಡಿನಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ.

ಮೈಸೂರಿಗೂ ನಂಜನಗೂಡಿಗೂ ಸುಮಾರು 24 ಕಿಲೋಮೀಟರು. ಊರನ್ನು ಹೊಗುವ ಮೊದಲೇ ಕಪಿಲೆಯ ಮೇಲಿನ ಹಳೆಯ ಸೇತುವೆಯನ್ನು ಇಳಿದು ನೋಡತಕ್ಕದ್ದು. ದಳವಾಯಿ ದೇವರಾಜಯ್ಯನವರು 1735ರಲ್ಲಿ ಕಟ್ಟಿಸಿದ್ದು ಇದು. ಬಂಡಿಗಳಿಗಾಗಿ ಹುಟ್ಟಿದ ಈ ಕಲ್ಲುಸೇತುವೆ ಮುಂದೆ ರೈಲುಗಾಡಿಯನ್ನೂ ಹೊತ್ತಿತು. ಬಹುಕಾಲ ರೈಲೂ ರಸ್ತೆಯೂ ಅದರ ಮೇಲೆ ಮಗ್ಗುಲುಮಗ್ಗುಲಾಗಿ ಸಾಗುತ್ತಿದ್ದವು. ಈಗ ಹೊಸ ಸೇತುವೆಗಳಾಗಿವೆ, ಹಳೆಯದು ವಿಶ್ರಾಂತಿಯಲ್ಲಿದೆ. ಲಗ್ನವಾದ ಮಾರನೆಯ ದಿನ ಇದೇ ಸೇತುವೆಯ ಮೇಲೆ ರೈಲಿನಲ್ಲಿ ಹೋಗುವಾಗ, ಪಕ್ಕದಲ್ಲಿಯೇ ಎತ್ತಿನ ಗಾಡಿಯವನೊಬ್ಬನು ತಲೆಯೆತ್ತಿ ತಮ್ಮನ್ನು ನೋಡಿ ನಕ್ಕನೆಂದು ಅತ್ತೆ ಹೇಳಿದರು. ಇಷ್ಟು ವರ್ಷಗಳಲ್ಲಿ ಅವರ ಬಾಯಲ್ಲಿ ಆ ಸಂಗತಿಯನ್ನು ನಾನು ಕೇಳಿದ್ದು ಅದೇ ಮೊದಲು.

ಶ್ರೀಕಂಠೇಶ್ವರನ ದೇವಸ್ಥಾನವು 385 ಅಡಿ ಉದ್ದ, 160 ಅಡಿ ಅಗಲ. ನಮ್ಮ ನಾಡಿನ ಅತಿ ದೊಡ್ಡ ದೇವಾಲಯಗಳಲ್ಲಿ ಒಂದು. ಸುಮಾರು 120 ಅಡಿಯ ಮಹಾದ್ವಾರದ ಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರವರ ರಾಣಿ ದೇವಾಜಮ್ಮಣ್ಣಿಯವರು 1845ರ ಸುಮಾರಿಗೆ ಕಟ್ಟಿಸಿದರು. ಮೇಲೆ ಏಳು ಕಲಶಗಳು. ಒಳಗೆ ಅವಸರಪಡಬಾರದು. ಮೊದಲು ದರ್ಶನವನ್ನು ಮುಗಿಸಿ, ಆಮೇಲೆ ಪ್ರಾಕಾರದ ಸಾಲುಗಳಲ್ಲಿ ನಿಧಾನವಾಗಿ ಸುತ್ತಬೇಕು. ಅರವತ್ತಮೂವರು ಶಿವಭಕ್ತರ ವಿಗ್ರಹಗಳ ಸಾಲನ್ನು ಮಕ್ಕಳು ಎಣಿಸುತ್ತ ಹೋದರು. ಎರಡು ಬಾರಿ ಎಣಿಸಿದರೂ ಲೆಕ್ಕ ಕೂಡಲಿಲ್ಲ. ಕೈಮುಗಿದು ನಿಂತಿರುವ ಮುಮ್ಮಡಿಯವರ ಮೂರ್ತಿಯನ್ನೂ ಅವರ ರಾಣಿಯರ ಮೂರ್ತಿಗಳನ್ನೂ ನೋಡದೆ ಬರಬಾರದು. ದೊಡ್ಡ ಜಾತ್ರೆಯು ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಬರುವುದು. ಆಗ ಐದು ತೇರುಗಳು ಒಂದರ ಹಿಂದೊಂದು ಹೊರಡುತ್ತವೆ; ದೊಡ್ಡದರ ಹೆಸರು ಗೌತಮರಥ.

ನಂಜನ್ನು ಉಂಡವನೇ ನಂಜುಂಡ. ಆದ್ದರಿಂದ ಇವನು ವೈದ್ಯರ ವೈದ್ಯ. ಟಿಪ್ಪು ಸುಲ್ತಾನನ ಪಟ್ಟದ ಆನೆಗೆ ಕಣ್ಣಿನ ರೋಗ ಬಂದಾಗ ಇಲ್ಲಿ ಹರಕೆ ಹೊತ್ತು ವಾಸಿಯಾಯಿತೆಂದೂ, ಅದಕ್ಕಾಗಿ ಸುಲ್ತಾನನು ಸ್ವಾಮಿಯನ್ನು ಹಕೀಂ ನಂಜುಂಡನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ ಪ್ರತೀತಿ. ಪಚ್ಚೆಲಿಂಗದ ಮುಂದೆ ಅತ್ತೆ ಬಹಳ ಹೊತ್ತು ನಿಂತರು. ಹೊರಗೆ ಬಂದ ಮೇಲೆ, "ನೋಡಿದೆಯಾ, ಆನೆಗೆ ಯಾರೂ ಕತ್ತಿ ಹಾಕಲಿಲ್ಲ" ಎಂದರು. ನಾನು ಉತ್ತರ ಕೊಡಲಿಲ್ಲ. ದೇವಸ್ಥಾನದ ಬಾಗಿಲಿನಲ್ಲಿ ನಿಂತು ಇಂಥ ವಾದಗಳನ್ನು ಗೆಲ್ಲುವುದು ಸಾಧ್ಯವಿಲ್ಲ.

ಪೇಟೆಯಲ್ಲಿ ರಸಬಾಳೆಯನ್ನು ವಿಚಾರಿಸಿದೆವು. ಈ ಸೀಮೆಯ ಕಪ್ಪು ಜೇಡಿಮಣ್ಣಿನ ಗುಣದಿಂದ ಅದಕ್ಕೆ ಬೇರೆಲ್ಲಿಯೂ ಇಲ್ಲದ ಪರಿಮಳ. ಭೌಗೋಳಿಕ ಸೂಚಕವೆಂಬ ಸರ್ಕಾರದ ಮನ್ನಣೆಯೂ ದೊರೆತಿದೆ. ಸೊರಗುರೋಗದ ದೆಸೆಯಿಂದ ತೋಟಗಳು ಬಹಳ ಕ್ಷೀಣಿಸಿ, ನಿಜವಾದ ಹಣ್ಣು ಅಪರೂಪವಾಗಿಬಿಟ್ಟಿದೆ. ಅಂಗಡಿಯವನು ಕೊಟ್ಟ ಚಿಪ್ಪನ್ನು ಅತ್ತೆ ಮೂಸಿ ನೋಡಿ, "ಇದು ರಸಬಾಳೆಯಲ್ಲ" ಎಂದು ಹಿಂದಕ್ಕೆ ಕೊಟ್ಟರು. ಅವನು ಮರುಮಾತಾಡದೆ ಒಳಗಿನಿಂದ ಬೇರೊಂದು ಚಿಪ್ಪನ್ನು ತಂದನು. ಕಣ್ಣಿಗೆ ಪೊರೆ ಬಂದರೇನು!

ನಂಜನಗೂಡಿನಿಂದ ಪೂರ್ವಕ್ಕೆ ಗದ್ದೆ ಕಬ್ಬುಗಳ ನಡುವೆ ಹೋದರೆ ಹದಿನಾರು. ಮೈಸೂರಿನ ಅರಮನೆಯನ್ನು ನೋಡಿದವರು ಲಕ್ಷಾಂತರ. ಆ ಅರಮನೆಯ ಕಥೆ ಎಲ್ಲಿ ಆರಂಭವಾಯಿತೆಂದು ಈ ಹಳ್ಳಿಯನ್ನು ನೋಡಲು ಬರುವವರು ವಿರಳ. ರಾಜವಂಶದ ಐತಿಹ್ಯದ ಪ್ರಕಾರ 1399ರಲ್ಲಿ ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ದ್ವಾರಕೆಯ ಕಡೆಯಿಂದ ಬಂದರು. ಆಗ ಹದಿನಾಡಿನ ದೊರೆ ಚಿತ್ತಭ್ರಮೆಯಿಂದ ಊರು ಬಿಟ್ಟು ಹೋಗಿದ್ದನು. ಗಂಡುದಿಕ್ಕಿಲ್ಲದ ಆ ಮನೆಯ ಹೆಣ್ಣುಮಗಳನ್ನು ತನಗೆ ಕೊಡಬೇಕೆಂದು ಕಾರುಗಹಳ್ಳಿಯ ಮಾರನಾಯಕನು ಬಲಾತ್ಕರಿಸುತ್ತಿದ್ದನು. ಅಣ್ಣತಮ್ಮಂದಿರು ಒಬ್ಬ ಜಂಗಮನ ನೆರವಿನಿಂದ ಅವನನ್ನು ಕೊಂದರು. ಯದುರಾಯನು ಆ ಕನ್ಯೆಯನ್ನು ವರಿಸಿ ಹದಿನಾಡಿಗೂ ಕಾರುಗಹಳ್ಳಿಗೂ ಒಡೆಯನಾದನು. ಆ ಹದಿನಾಡೇ ಈಗಿನ ಹದಿನಾರೆಂದು ಹೇಳುವರು. ಹದಿನಾಡೆಂಬುದು ಒಂದು ಊರಿಗೆ ಮಾತ್ರವಲ್ಲದೆ ಒಂದು ಸೀಮೆಗೇ ಇದ್ದ ಹೆಸರು. ಯಳಂದೂರಿನ ಪ್ರಭುಗಳೂ ಹದಿನಾಡಿನವರೆಂದೇ ಪ್ರಸಿದ್ಧರು. ಐತಿಹ್ಯದಲ್ಲಿ ಎಷ್ಟು ಚರಿತ್ರೆ, ಎಷ್ಟು ಕಥೆ ಎಂಬ ಚರ್ಚೆಯನ್ನು ವಿದ್ವಾಂಸರಿಗೆ ಬಿಟ್ಟೆ. ಗಂಡಂದಿರ ಶೌರ್ಯದ ಈ ಕಥೆಯಲ್ಲಿ ಗಂಡನಿಲ್ಲದ ಮನೆಯನ್ನು ಅಷ್ಟು ದಿನ ಕಾಪಾಡಿಕೊಂಡಿದ್ದ ತಾಯಿಯ ಮಾತನ್ನು ಯಾರೂ ಆಡುವುದಿಲ್ಲವೆಂದು ನನ್ನ ಹೆಂಡತಿ ಆಕ್ಷೇಪಿಸಿದಳು. ಅದು ನ್ಯಾಯವೇ ಸರಿ.

ಅರಮನೆಯನ್ನೂ ಕೋಟೆಯನ್ನೂ ಅರಸಿಕೊಂಡು ಬರುವವರಿಗೆ ಇಲ್ಲಿ ನಿರಾಶೆಯಾದೀತು. ಆದರೆ ಕೆರೆಯೊಂದಿದೆ, ಚಳಿಗಾಲದ ಸಾಯಂಕಾಲ ಅದರ ದಡದಲ್ಲಿ ಒಂದು ಗಂಟೆ ಕುಳಿತವನು ಬಂದದ್ದು ವ್ಯರ್ಥವಾಯಿತೆಂದು ಹೇಳಲಾರನು. ಪಟ್ಟೆತಲೆಯ ಹೆಬ್ಬಾತುಗಳು ಈ ಕಾಲದಲ್ಲಿ ಇಲ್ಲಿಗೆ ಬರುತ್ತವೆ. ಮಂಗೋಲಿಯ, ಟಿಬೆಟ್ಟುಗಳ ಎತ್ತರದ ಸರೋವರಗಳಲ್ಲಿ ಮರಿಮಾಡುವ ಜಾತಿ ಇದು. ಹಿಮಾಲಯವನ್ನೇ ಹಾರಿ ದಾಟಿ, ದಕ್ಷಿಣದ ಕೆರೆಗಳಲ್ಲಿ ಚಳಿಗಾಲವನ್ನು ಕಳೆದು, ಬೇಸಗೆಗೆ ಮೊದಲು ಹಿಂದಿರುಗುತ್ತವೆ. ಬೂದುಮೈ, ಬಿಳಿಯ ತಲೆ, ಅದರ ಹಿಂಭಾಗದಲ್ಲಿ ಎರಡು ಕರಿಯ ಪಟ್ಟೆ. ಹಗಲೆಲ್ಲ ನೀರಿನಲ್ಲಿ ತೂಗಾಡುತ್ತಿದ್ದು, ಹೊತ್ತು ಮುಳುಗಿದ ಮೇಲೆ ಗದ್ದೆಗಳಿಗೆ ಮೇಯಲು ಏಳುತ್ತವೆ. ಅಂದು ಕೆಂಪಡರಿದ ಆಕಾಶದಲ್ಲಿ ಅವು ಸಾಲುಸಾಲಾಗಿ ಎದ್ದಾಗ ಮಕ್ಕಳು ಕೂಗಿಕೊಂಡರು. ಅತ್ತೆ ಮುಖವನ್ನು ಮೇಲೆತ್ತಿ, "ಎಲ್ಲಿ? ಎಲ್ಲಿ?" ಎಂದು ಅತ್ತಿತ್ತ ತಿರುಗುತ್ತಿದ್ದರು. ದನಿ ಮಾತ್ರ ಅವರಿಗೆ ಕೇಳುತ್ತಿತ್ತು. "ನಾನು ಚಿಕ್ಕವಳಾಗಿದ್ದಾಗ ಎಣಿಸ್ತಾ ಇದ್ದೆ" ಎಂದು ಹೇಳಿ ಸುಮ್ಮನಾದರು. ಆ ರಾತ್ರಿ ದೂರದ ನಂಟರ ಮನೆಯಲ್ಲಿ ತಂಗಿದೆವು.

ಮರುದಿನ ದಾರಿಯಲ್ಲಿ ಕಪಿಲೆಯ ದಡದ ಸುತ್ತೂರಿನಲ್ಲಿ ಗದ್ದುಗೆಗೆ ನಮಸ್ಕರಿಸಿ, ತಿರುಮಕೂಡಲು ನರಸೀಪುರವನ್ನು ಸೇರಿದೆವು. ಕಾವೇರಿಗೆ ಕಪಿಲೆ ಕೂಡುವ ಸ್ಥಳವಿದು. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರುವುದೆಂಬ ನಂಬಿಕೆಯಿಂದ ತ್ರಿವೇಣಿ. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳವನ್ನು ನಡೆಸುವ ಪದ್ಧತಿ ಬಂದಿದೆ. 2025ರ ಫೆಬ್ರವರಿಯಲ್ಲಿಯೂ ನಡೆಯಿತು. ಸ್ನಾನಕ್ಕೆ ಇಳಿಯುವವರು ಮೆಟ್ಟಿಲುಗಳನ್ನು ಬಿಟ್ಟು ಹೋಗಬಾರದು. ಹೊರಗೆ ಶಾಂತವಾಗಿ ಕಾಣುವ ನೀರಿನ ಒಳಸೆಳೆತ ಬೇರೆಯೇ ಆಗಿರುತ್ತದೆ. ಮಕ್ಕಳ ಕೈಯನ್ನಂತೂ ಬಿಡಲೇಕೂಡದು.

ಗುಂಜಾ ನರಸಿಂಹಸ್ವಾಮಿಯು ತನ್ನ ಬೆರಳುಗಳ ನಡುವೆ ಗುಲಗಂಜಿಯೊಂದನ್ನು ಹಿಡಿದಿದ್ದಾನೆ. ಕಾಶಿಗಿಂತಲೂ ಈ ಕ್ಷೇತ್ರವು ಒಂದು ಗುಲಗಂಜಿಯ ತೂಕ ಹೆಚ್ಚು ಎಂಬುದು ಅದರ ಅರ್ಥವಂತೆ. ಬಡಾಯಿಯನ್ನಾದರೂ ಎಷ್ಟು ಅಳತೆಯಿಂದ ಕೊಚ್ಚಿದ್ದಾರೆ! ಅಗಸ್ತ್ಯೇಶ್ವರನ ಗುಡಿಯಲ್ಲಿ ಮರಳಿನ ಲಿಂಗ. ಅದರ ನೆತ್ತಿಯಲ್ಲಿ ಸದಾ ಒಸರುವ ನೀರನ್ನು ತೀರ್ಥವಾಗಿ ಕೊಡುತ್ತಾರೆ.

ಊರು ಬಹು ಪ್ರಾಚೀನವಾದದ್ದು. 1959ರಿಂದ ಕೆಲವು ವರ್ಷ ಇಲ್ಲಿ ನಡೆದ ಉತ್ಖನನದಲ್ಲಿ ನವಶಿಲಾಯುಗದ ಜನರ ನೆಲೆಯೂ, ಅವರು ಮಲಗುವಾಗ ತಲೆಗಿಟ್ಟುಕೊಳ್ಳುತ್ತಿದ್ದ ಸುಟ್ಟ ಮಣ್ಣಿನ ದಿಂಬೂ ಸಿಕ್ಕಿದವು. ಇದೇ ತಿರುಮಕೂಡಲಿನಲ್ಲಿ 1895ರಲ್ಲಿ ಪಿಟೀಲು ಚೌಡಯ್ಯನವರು ಜನಿಸಿದರು. ದೊಡ್ಡ ಸಭೆಗಳಲ್ಲಿ ಪಿಟೀಲಿನ ದನಿ ಹಿಂದಿನವರಿಗೆ ಕೇಳುವುದಿಲ್ಲವೆಂದು ಏಳು ತಂತಿಗಳನ್ನು ಕಟ್ಟಿದವರು ಅವರು. ಇನ್ನು ರೇಷ್ಮೆ: ಗೂಡಿನಿಂದ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆ ಈ ಊರಿನಲ್ಲಿದೆ, 1912ರಲ್ಲಿ ಆರಂಭವಾದ ಮೈಸೂರಿನ ನೇಯ್ಗೆಯ ಕಾರ್ಖಾನೆಗೆ ಇಲ್ಲಿನ ನೂಲು ಹೋಗುವುದು. ಸೀರೆಯಂಚಿನ ಚಿತ್ತಾರಕ್ಕೆ ನಮ್ಮ ಮಗ್ಗದವರು ಜಕಾರ್ಡ್ ಎಂದು ಕರೆಯುವ ಸಾಧನವು ಲಿಯೋಂ ಪಟ್ಟಣದಲ್ಲಿಯೇ ಹುಟ್ಟಿದ ಜಕಾರ್ ಎಂಬಾತನ ಕಲ್ಪನೆ. ಅತ್ತೆಯ ಮಾತು ಅಷ್ಟೇನೂ ಹುಡುಗಾಟದ್ದಾಗಿರಲಿಲ್ಲ.

ತಲಕಾಡಿಗೆ ಈ ಸಲ ಹೋಗಲಿಲ್ಲ. ಮರಳಿನಲ್ಲಿ ನಡೆಯುವುದು ಅತ್ತೆಯ ಮೊಣಕಾಲಿಗೆ ಆಗದ ಕೆಲಸ. ಶಕ್ತಿಯುಳ್ಳವರು ಒಂದು ದಿನವನ್ನು ಅದಕ್ಕೇ ಮೀಸಲಿಟ್ಟು, ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಿಸಿದ ಕೀರ್ತಿನಾರಾಯಣನನ್ನೂ ವೈದ್ಯೇಶ್ವರನನ್ನೂ ನೋಡತಕ್ಕದ್ದು. ಪಂಚಲಿಂಗದರ್ಶನವು ಕೆಲವು ವರ್ಷಗಳಿಗೊಮ್ಮೆ ಬರುವುದು. ಹಿಂದೆ ನಡೆದದ್ದು 2020ರ ಡಿಸೆಂಬರಿನಲ್ಲಿ.

ಮಧ್ಯಾಹ್ನ ಸೋಮನಾಥಪುರದ ಕೇಶವ ದೇವಾಲಯದ ಮರದಡಿ ಬುತ್ತಿ ಬಿಚ್ಚಿದೆವು. ಮೂರನೆಯ ನರಸಿಂಹ ಬಲ್ಲಾಳನ ದಂಡನಾಯಕ ಸೋಮನಾಥನು ಕಟ್ಟಿಸಿದ ಈ ತ್ರಿಕೂಟಾಚಲದ ಪ್ರತಿಷ್ಠೆ 1268ರಲ್ಲಿ ಆಯಿತೆನ್ನುವರು. ಬೇಲೂರು ಹಳೇಬೀಡುಗಳೊಡನೆ 2023ರಲ್ಲಿ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನಕ್ಷತ್ರಾಕಾರದ ಜಗತಿ, ಸುತ್ತಲೂ ಅರವತ್ತನಾಲ್ಕು ಗೂಡುಗಳ ಕೈಸಾಲೆ, ಗೋಡೆಯ ಕೆಳಗೆ ಆನೆ ಕುದುರೆಗಳ ಪಟ್ಟಿಕೆಗಳು. ಮಲ್ಲಿತಮ್ಮನೆಂಬ ಶಿಲ್ಪಿಯು ಮೂರ್ತಿಗಳ ಪೀಠದಲ್ಲಿ ತನ್ನ ಹೆಸರನ್ನು ಕೆತ್ತಿದ್ದಾನೆ. ಮಕ್ಕಳು ಅದನ್ನು ಹುಡುಕಿ ಹುಡುಕಿ ಓದಿದರು. ಅತ್ತೆ ಒಂದು ಮೂರ್ತಿಯ ಒಡವೆಗಳನ್ನು ಬೆರಳಿನಿಂದ ತಿಳಿಯಲು ಕೈ ಚಾಚಿದಾಗ ಕಾವಲುಗಾರನು, "ಮುಟ್ಟಬಾರದು ಅಜ್ಜಿ" ಎಂದನು. ಅವನು ಹೇಳಿದ್ದು ಸರಿಯೇ. ಮುಟ್ಟಿ ಮುಟ್ಟಿಯೇ ಬಳಪದ ಕಲ್ಲು ಸವೆಯುವುದು. ಅತ್ತೆ ಕೈಯನ್ನು ಸೆರಗಿನೊಳಗೆ ಸೇರಿಸಿ, ಕೈಸಾಲೆಯ ಕಟ್ಟೆಯ ಮೇಲೆ ಹೋಗಿ ಕುಳಿತರು. ಮೊಮ್ಮಕ್ಕಳು ಕಂಡುದನ್ನೆಲ್ಲ ಓಡಿ ಬಂದು ಹೇಳಿ ಮತ್ತೆ ಓಡುತ್ತಿದ್ದರು.

ಹಿಂದಿರುಗುವಾಗ ಬಹಳ ದೂರದವರೆಗೆ ಅವರು ಮಾತಾಡಲಿಲ್ಲ. ಮೈಸೂರಿನ ದೀಪಗಳು ಕಾಣುತ್ತಿದ್ದಂತೆ, "ಆ ಕಣ್ಣಿನ ಡಾಕ್ಟರು ಯಾವ ವಾರ ಬಾ ಅಂದಿದ್ದರೋ?" ಎಂದು ಕೇಳಿದರು.

ಯಾವ ದಿನವಾದರೂ ಆಗಬಹುದೆಂದೆ.

"ಆ ಹಕ್ಕಿಗಳು ಬೇಸಗೆಗೆ ಮುಂಚೆ ಹೊರಟುಹೋಗ್ತವೆ ಅಂದೆಯಲ್ಲ. ಅದಕ್ಕೂ ಮೊದಲೇ ಆಗಲಿ" ಎಂದರು.