ಬೇಲಿಗೂಟದ ಸಾಕ್ಷಿ

ಮುಂಗಾರು ಹನಿಯುವ ಹೊತ್ತಿಗೆ ನಮ್ಮ ಹಿತ್ತಲಿನ ಓತಿಕ್ಯಾತನಿಗೆ ಪ್ರಾಯ ನೆನಪಾಗುತ್ತದೆ. ಅಲ್ಲಿಯತನಕ ಒಣ ತೊಗಟೆಯಂತಿದ್ದವನು ತಲೆ, ಕೊರಳು ಕೆಂಪಾಗಿಸಿಕೊಂಡು ಬೇಲಿಗೂಟದ ತುದಿಗೇರಿ ಮುಂಗಾಲೂರಿ ದಂಡ ಹೊಡೆಯುತ್ತಾನೆ. ಹತ್ತಿರದಲ್ಲೆಲ್ಲೂ ಹೆಣ್ಣಿನ ಸುಳಿವಿಲ್ಲದಿದ್ದರೂ ಗರಡಿಮನೆಯ ಉಸ್ತಾದನ ಗತ್ತು.

ಹುಡುಗರಾಗಿದ್ದಾಗ ಆ ಕೆಂಪು ನಮ್ಮದೇ ರಕ್ತವೆಂದು ನಂಬಿದ್ದೆವು. ದೂರದಿಂದ ದಿಟ್ಟಿಸಿಯೇ ಹೀರಿಬಿಡುತ್ತಾನಂತೆ! ಒಂದು ಕೈಯಲ್ಲಿ ಹೊಕ್ಕುಳು ಮುಚ್ಚಿಕೊಂಡು ಇನ್ನೊಂದರಿಂದ ಕಲ್ಲು ಬೀರುತ್ತಿದ್ದೆವು. ಗುರಿ ಕೆಟ್ಟದ್ದಾದ್ದರಿಂದ ನನ್ನ ಪಾಪದ ಲೆಕ್ಕ ಅಷ್ಟು ದೊಡ್ಡದಲ್ಲ. ಅಮ್ಮನ ಕೈಗೆ ಸಿಕ್ಕಿಬಿದ್ದಾಗ, “ಇವನು ಹೊಡೀಲಿಲ್ಲಮ್ಮ” ಎಂದು ಗೆಳೆಯ ಆಣೆಯಿಡುತ್ತಿದ್ದ. “ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ” ಎಂದು ಅಮ್ಮ ಇಬ್ಬರ ಕಿವಿಯನ್ನೂ ಹಿಂಡುತ್ತಿದ್ದಳು.

ಮುಂದೆ, 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ ಓದಿ, ಹಾರುವ ಓತಿಯ ಹಿಂದೆ ಮಲೆನಾಡಿನ ಕಾಡು ಅಲೆಯುವ ಕನಸು ಕಂಡೆ. ಕನಸು ಹಿತ್ತಲು ದಾಟಲಿಲ್ಲ. ಸಿಕ್ಕಿದವನು ಈ ಹಾರದ ಓತಿ. ಕಲ್ಲು ಹಿಡಿದಿದ್ದ ಕೈಯಲ್ಲೇ ಕ್ಯಾಮೆರಾ ಹಿಡಿದು, “ಒಂದ್ನಿಮಿಷ ಇರಪ್ಪ” ಎಂದು ಗೋಗರೆಯುವಂತಾಯಿತು. ಅವನು ಇರುವವನಲ್ಲ. ನಾನು ಸುತ್ತಿದಷ್ಟೂ ನುಗ್ಗೆಮರದ ಆಚೆ ಮಗ್ಗುಲಿಗೆ ಸರಿಯುತ್ತಾನೆ. “ಏನ್ ಸಾರ್, ಅರಳಿಮರ ಬಿಟ್ಟು ನುಗ್ಗೆಮರಕ್ಕೆ ಪ್ರದಕ್ಷಿಣೆ?” ಎಂದು ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಕೇಳಿದ್ದುಂಟು.

ಅಮ್ಮನ ಗೌರವವೆಲ್ಲ ಹಲ್ಲಿಗೇ ಮೀಸಲು. ಮಾತಿನ ನಡುವೆ ಅದು ಲೊಚಗುಟ್ಟಿದರೆ ಬೆರಳಿನಿಂದ ನೆಲ ತಟ್ಟಿ, “ಕೃಷ್ಣ ಕೃಷ್ಣ, ಸತ್ಯ ನೋಡು” ಎನ್ನುವಳು. ಕಂಚಿಯ ವರದರಾಜನ ಗುಡಿಯಲ್ಲಿ ಚಿನ್ನದ ಹಲ್ಲಿ ಮುಟ್ಟಿ ಬಂದ ಮೇಲಂತೂ, ಬೀದಿಯಲ್ಲಿ ಯಾರ ಮೈಮೇಲೆ ಹಲ್ಲಿ ಬಿದ್ದರೂ ದೋಷ ಕಳೆದುಕೊಳ್ಳಲು ಇವಳನ್ನು ಮುಟ್ಟಿಹೋಗುತ್ತಿದ್ದರು. ಅಮ್ಮ ಕೈ ಒರೆಸಿಕೊಂಡು ಗಂಭೀರವಾಗಿ ಮುಟ್ಟಿಸಿಕೊಳ್ಳುತ್ತಿದ್ದಳು.

ಓತಿಕ್ಯಾತನ ಸಂಸಾರದ ಮೇಲೆ ಮಾತ್ರ ಅವಳಿಗೆ ಸಿಟ್ಟು. ಹೆಣ್ಣೊಂದು ಸೇವಂತಿಗೆಯ ಪಾತಿಯಲ್ಲಿ ಗುಂಡಿ ತೋಡಿ, ಬೆಳ್ಳನೆಯ ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ, ತಿರುಗಿಯೂ ನೋಡದೆ ಹೊರಟುಹೋಯಿತು. “ಇವಳೆಂಥ ತಾಯಿಯೋ!” ಎಂದು ಅಮ್ಮ ಬೈದಳು. ಬೈದವಳು ಆ ಮಳೆಗಾಲವೆಲ್ಲ ಆ ಪಾತಿಗೆ ಗುದ್ದಲಿ ಮುಟ್ಟಿಸಲಿಲ್ಲ.

ಒಂದು ಬೆಳಗ್ಗೆ ಹೂಬುಟ್ಟಿ ಹಿಡಿದು ಬಂದು, “ಆ ದರಿದ್ರದ್ದನ್ನೇ ಎಷ್ಟು ತೆಗೀತೀಯೋ, ನಂದೂ ಒಂದು ತೆಗಿ” ಎಂದಳು.

“ಅಲ್ಲಾಡಬೇಡಮ್ಮ, ಓಡಿಹೋಗ್ತಾನೆ. ಆಮೇಲೆ ತೆಗೀತೀನಿ.”

ಅಮ್ಮ ಅಲ್ಲಾಡಲಿಲ್ಲ. ಸ್ಟುಡಿಯೋದಲ್ಲಿ ನಿಂತಂತೆ ಸೆಟೆದು ನಿಂತೇ ಇದ್ದಳು. ಓತಿಕ್ಯಾತ ಓಡಿದ, ಅವನ ಹಿಂದೆ ನಾನೂ ಓಡಿದೆ. ಆ ‘ಆಮೇಲೆ’ ಬರಲೇ ಇಲ್ಲ.

ಆ ಬೆಳಗಿನ ಚಿತ್ರವನ್ನು ಈಗ ಆಗಾಗ ತೆಗೆದು ನೋಡುತ್ತೇನೆ. ಓತಿಕ್ಯಾತನ ಬೆನ್ನಿನ ಮುಳ್ಳುಗಳನ್ನು ಒಂದೊಂದಾಗಿ ಎಣಿಸಬಹುದು. ಅವನ ಹಿಂದೆ ಮಸುಕಾದ ನೀಲಿ, ಅದು ಅಮ್ಮನ ಸೀರೆ. ಅದರ ನಡುವೆ ಹಳದಿಯ ಮಬ್ಬು, ಬುಟ್ಟಿಯ ಸೇವಂತಿಗೆ. ಎಷ್ಟು ದೊಡ್ಡದು ಮಾಡಿದರೂ ಮುಖ ಮೂಡುವುದಿಲ್ಲ, ಬರೀ ಚೌಕಗಳಾಗಿ ಒಡೆಯುತ್ತದೆ. ಅವಳು ಅಲ್ಲಿ ನಿಂತಿದ್ದಳೆಂಬುದಕ್ಕೆ ಈಗ ಓತಿಕ್ಯಾತನೇ ಸಾಕ್ಷಿ. ಅವನೂ ಅವಳಿಗೆ ಬೆನ್ನು ಹಾಕಿ ಕೂತಿದ್ದಾನೆ.